ಸೆರೆಬ್ರಲ್ ಪಾಲ್ಸಿ ಇರುವ ಪುಟ್ಟ ಮಕ್ಕಳಿಗೆ ಥೆರಪಿ: ಮನೆಯಿಂದ ಶುರು ಮಾಡುವ ಬಗೆ

“ನಮ್ಮ ಮನಿತನದಾಗ ಎಲ್ಲಾರೂ ತಡಾನ ನಡದಾರ್ರೀ ಮೇಡಂ. ಇದರಪ್ಪ ಮೂರು ವರ್ಷಕ್ಕ ನಡದಾನ.”

ಸಿಂಧನೂರು ಕಡೆಯ ಹಳ್ಳಿಗಳಲ್ಲಿ ಫಿಜಿಯೊಥೆರಪಿಸ್ಟ್ ಆಗಿ ಮನೆಮನೆ ತಿರುಗುವ ನಾನು ಅಜ್ಜಿಯರ ಬಾಯಲ್ಲಿ ಅತಿ ಹೆಚ್ಚು ಸಲ ಕೇಳಿದ ಮಾತು ಇದು. ಅಜ್ಜಿ ಸುಳ್ಳು ಹೇಳುತ್ತಿಲ್ಲ. ಆದರೆ ಆ ಮಾತು ನಂಬಿ ಸುಮ್ಮನೆ ಕೂತ ಮನೆಗಳಲ್ಲಿ ಕೂಸಿನ ಮೊದಲ ಎರಡು ವರ್ಷ ಕೈಬಿಟ್ಟು ಹೋಗಿರುತ್ತದೆ. ಮಿದುಳು ಹೊಸದನ್ನು ಸಲೀಸಾಗಿ ಕಲಿಯುವ ಕಾಲವೇ ಅದು.

ಸೆರೆಬ್ರಲ್ ಪಾಲ್ಸಿ ಎಂದರೆ ಬೆಳೆಯುವ ಮಿದುಳಿಗೆ ಪೆಟ್ಟಾಗಿ ಕೈಕಾಲು, ಮೈಯ ಚಲನೆಯ ಹಿಡಿತ ತಪ್ಪುವುದು. ಅದು ಇರುವ ಐದು ವರ್ಷದೊಳಗಿನ ಮಕ್ಕಳ ತಂದೆತಾಯಿಗಾಗಿ ಇದನ್ನು ಬರೆದಿದ್ದೇನೆ. ಡಾಕ್ಟರಿಗೆ ಬದಲಿ ಎಂದು ಓದಬೇಡಿ, ಡಾಕ್ಟರ ಬಳಿ ಏನು ಕೇಳಬೇಕು, ಮನೆಗೆ ಬಂದ ಮೇಲೆ ಏನು ಮಾಡಬೇಕು ಎಂದು ತಿಳಿಯಲು ಓದಿ.

ಮೊದಲು, ಕಾಯುವುದನ್ನು ಬಿಡಿ

ನಾಲ್ಕು ತಿಂಗಳು ದಾಟಿದರೂ ಗೋಣು ನಿಂತಿಲ್ಲ. ಹೆಬ್ಬೆರಳನ್ನು ಒಳಗೆ ಮಡಚಿ ಮುಷ್ಟಿ ಕಟ್ಟಿಯೇ ಇರುತ್ತದೆ. ಎತ್ತಿಕೊಂಡರೆ ಬಿಲ್ಲಿನ ಹಾಗೆ ಹಿಂದಕ್ಕೆ ಸೆಟೆಯುತ್ತದೆ. ಬಟ್ಟೆ ಬದಲಿಸುವಾಗ ತೊಡೆ ಬಿಡಿಸಲು ಬರುವುದಿಲ್ಲ, ಕಾಲುಗಳು ಕತ್ತರಿಯಂತೆ ಒಂದರ ಮೇಲೊಂದು ಹೋಗುತ್ತವೆ. ಒಂಬತ್ತು ತಿಂಗಳಾದರೂ ಕೂರುತ್ತಿಲ್ಲ. ಇವುಗಳಲ್ಲಿ ಒಂದು ಕಂಡರೂ ತೋರಿಸಿ. ಇನ್ನೊಂದು ಲಕ್ಷಣವನ್ನು ಜನ ಹೆಮ್ಮೆಯಿಂದ ಹೇಳುತ್ತಾರೆ, “ಕೂಸು ಎಡಚ ಆಗ್ತದ” ಎಂದು. ವರ್ಷ ತುಂಬುವ ಮೊದಲು ಯಾವ ಕೂಸೂ ಎಡಚ, ಬಲಚ ಎಂದು ತೀರ್ಮಾನಿಸುವುದಿಲ್ಲ. ಯಾವಾಗಲೂ ಒಂದೇ ಕೈ ಚಾಚುತ್ತಿದೆ ಎಂದರೆ ಇನ್ನೊಂದು ಕೈಗೆ ಏನಾಗಿದೆ ಎಂದು ನೋಡಬೇಕು.

ದಿನ ತುಂಬುವ ಮೊದಲೇ ಹುಟ್ಟಿದ, ಹುಟ್ಟಿದ ಕೂಡಲೇ ಅಳದ, ಜೋರು ಕಾಮಾಲೆ ಆಗಿದ್ದ, ಎಳೆಗೂಸುಗಳ ತೀವ್ರ ನಿಗಾ ಘಟಕದಲ್ಲಿ, ಅಂದರೆ ಎನ್‌ಐಸಿಯುನಲ್ಲಿದ್ದು ಬಂದ ಮಕ್ಕಳ ಮೇಲೆ ಹೆಚ್ಚು ಕಣ್ಣಿರಲಿ. ಎರಡು ತಿಂಗಳು ಮುಂಚೆ ಹುಟ್ಟಿದ್ದರೆ ವಯಸ್ಸಿನಲ್ಲಿ ಆ ಎರಡು ತಿಂಗಳು ಕಳೆದು ಲೆಕ್ಕ ಹಾಕಿ. ಆರು ತಿಂಗಳ ಅಂಥ ಕೂಸನ್ನು ನಾಲ್ಕು ತಿಂಗಳದ್ದು ಎಂದೇ ನೋಡಬೇಕು.

ಹಿಂದೆ ಈ ಕಾಯಿಲೆಗೆ ಹೆಸರು ಹೇಳಲು ಡಾಕ್ಟರುಗಳು ವರ್ಷ, ಎರಡು ವರ್ಷ ಕಾಯುತ್ತಿದ್ದರು. ಐದು ತಿಂಗಳೊಳಗೇ ಬಹಳ ಮಕ್ಕಳಲ್ಲಿ ಗುರುತಿಸಬಹುದು ಎಂದು 2017ರಲ್ಲಿ ಹಲವು ದೇಶಗಳ ತಜ್ಞರು ಸೇರಿ ಹೇಳಿದರು. ಕೂಸು ತಾನಾಗಿ ಕೈಕಾಲು ಆಡಿಸುವುದನ್ನು ವಿಡಿಯೊದಲ್ಲಿ ನೋಡುವುದು, ನರಗಳ ಪರೀಕ್ಷೆ, ಎಂಆರ್‌ಐ, ಈ ಮೂರನ್ನು ಕೂಡಿಸಿ ನೋಡುತ್ತಾರೆ. ಹಾಗಾಗಿ ಫೋನಿನಲ್ಲಿ ಎರಡು ಮೂರು ನಿಮಿಷದ ವಿಡಿಯೊ ಮಾಡಿಕೊಂಡು ಹೋಗಿ. ಕೂಸು ಅಂಗಾತ ಮಲಗಿ, ಎಚ್ಚರವಾಗಿ, ಅಳದೆ ಇರುವ ಹೊತ್ತಿನದು ಬೇಕು. ಆಸ್ಪತ್ರೆಯ ಗದ್ದಲದಲ್ಲಿ ಕಾಣದ್ದು ಆ ವಿಡಿಯೊದಲ್ಲಿ ಕಾಣುತ್ತದೆ. ಹೆಸರು ಇನ್ನೂ ಖಚಿತವಾಗದಿದ್ದರೂ ಥೆರಪಿ ಶುರು ಮಾಡಬಹುದು, ಮಾಡಬೇಕು.

ದಾರಿ ಹೀಗಿದೆ. ಆಶಾ ಕಾರ್ಯಕರ್ತೆಗೆ ಹೇಳಿ. ಅಂಗನವಾಡಿಗೆ ಮಕ್ಕಳ ತಪಾಸಣೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ, ಅಂದರೆ ಆರ್‌ಬಿಎಸ್‌ಕೆ ತಂಡದ ಕೆಲಸವೇ ಇಂಥ ಮಕ್ಕಳನ್ನು ಗುರುತಿಸಿ ಜಿಲ್ಲಾ ಮಟ್ಟದ ಶೀಘ್ರ ಚಿಕಿತ್ಸಾ ಕೇಂದ್ರಕ್ಕೆ, ಅಂದರೆ ಡಿಇಐಸಿಗೆ ಕಳಿಸುವುದು. 2013ರಲ್ಲಿ ಶುರುವಾದ ಕಾರ್ಯಕ್ರಮ ಇದು. ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಬಳ್ಳಾರಿಯಲ್ಲಿ ಜನ ಇಂದಿಗೂ ವಿಮ್ಸ್ ಎಂದೇ ಕರೆಯುವ ಸರ್ಕಾರಿ ಮೆಡಿಕಲ್ ಕಾಲೇಜು, ಇವುಗಳ ಮಕ್ಕಳ ವಿಭಾಗಕ್ಕೆ ನೇರವಾಗಿಯೂ ಹೋಗಬಹುದು. ತಾಯಿ ಕಾರ್ಡ್, ಹೆರಿಗೆ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ ಮರೆಯಬೇಡಿ.

ಡಾಕ್ಟರಿಗೆ ಕೇಳಬೇಕಾದ ಎರಡು ಪ್ರಶ್ನೆ

“ವಾಸಿ ಆಗ್ತದೇನ್ರಿ?” ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಮಿದುಳಿಗೆ ಆದ ಪೆಟ್ಟು ಹೋಗುವುದಿಲ್ಲ, ಹಾಗೆಯೇ ಆ ಪೆಟ್ಟು ಹೆಚ್ಚಾಗುವುದೂ ಇಲ್ಲ. ಹೆಚ್ಚಾಗುವುದು ಮೈಯ ಬಿಗಿತ. ಎಲುಬು ಬೆಳೆದಂತೆ ಬಿಗಿ ಸ್ನಾಯು ಅದರ ಜೊತೆಗೆ ಬೆಳೆಯದೆ ಹಿಂದುಳಿಯುತ್ತದೆ.

ಕೇಳಬೇಕಾದ್ದು, ಒಂದು: ಇದು ಯಾವ ಬಗೆ? ಮೈ ಬಿಗಿಯಾಗುವ ಸ್ಪಾಸ್ಟಿಕ್ ಬಗೆಯೇ ಹೆಚ್ಚು. ಅದರಲ್ಲಿ ಒಂದೇ ಪಕ್ಕದ ಕೈಕಾಲಿಗೆ ಆಗಿದೆಯೋ, ಕಾಲುಗಳಿಗೆ ಹೆಚ್ಚೋ, ಇಡೀ ಮೈಗೋ ಎಂದು ತಿಳಿಯಿರಿ. ತಾನಾಗಿ ಕೈಕಾಲು ಹೊರಳುವ ಬಗೆ ಬೇರೆ, ತೋಲನ ತಪ್ಪುವ ಬಗೆ ಬೇರೆ. ಎರಡು: ಜಿಎಂಎಫ್‌ಸಿಎಸ್ ಎಂಬ ಅಳತೆಯಲ್ಲಿ ಒಂದರಿಂದ ಐದರೊಳಗೆ ಎಷ್ಟನೇ ಹಂತ? ಒಂದನೇ ಹಂತದ ಮಗು ಓಡಾಡುತ್ತದೆ, ಐದನೇ ಹಂತದ ಮಗುವಿಗೆ ಗೋಣು ಹಿಡಿಯಲೂ ಆಸರೆ ಬೇಕು. ಎರಡು ವರ್ಷದೊಳಗೆ ಈ ಅಂಕಿ ಬದಲಾಗಬಹುದು, ಆಮೇಲೆ ಅಷ್ಟಾಗಿ ಬದಲಾಗುವುದಿಲ್ಲ. ಎರಡು ವರ್ಷದೊಳಗೆ ಆಸರೆಯಿಲ್ಲದೆ ಕೂತ ಮಕ್ಕಳಲ್ಲಿ ಬಹಳ ಜನ ಮುಂದೆ ನಡೆಯುತ್ತಾರೆ. ಒಂದೇ ಪಕ್ಕ ಬಾಧಿತವಾದ ಮಕ್ಕಳು ಹೆಚ್ಚುಕಡಿಮೆ ಎಲ್ಲರೂ ನಡೆಯುತ್ತಾರೆ.

ಈ ಅಂಕಿ ಕೇಳಿ ಅತ್ತ ತಾಯಂದಿರನ್ನು ನೋಡಿದ್ದೇನೆ. ಆದರೂ ಕೇಳಿ ಎಂದೇ ಹೇಳುತ್ತೇನೆ. ಐದನೇ ಹಂತದ ಮಗುವಿಗೆ ನಡಿಗೆಯ ಆಸೆ ಹುಟ್ಟಿಸಿ ಹೊಲ ಮಾರಿಸುವವರು ಇದ್ದಾರೆ, ಅವರಿಂದ ನಿಮ್ಮನ್ನು ಕಾಯುವುದು ಈ ಅಂಕಿಯೇ.

ಒಂದೇ ಒಂದು ಗುರಿ ಹಿಡಿಯಿರಿ

ಈ ಕೆಲಸಕ್ಕೆ ಬಂದ ಹೊಸದರಲ್ಲಿ ನಾನು ಮಾಡುತ್ತಿದ್ದದ್ದು ಇಷ್ಟು: ಚಾಪೆ ಹಾಸು, ಕೂಸನ್ನು ಮಲಗಿಸು, ಅರ್ಧ ತಾಸು ಕೈಕಾಲು ಎಳೆ, ಮಡಚು, ಚೀಟಿ ಬರೆ, ಹೊರಡು. ಲಿಂಗಸುಗೂರು ರಸ್ತೆಯ ಒಂದು ಊರಿನ ಹುಡುಗ ನನ್ನ ಸ್ಕೂಟಿ ಸದ್ದು ಕೇಳಿದರೆ ಸಾಕು, ಅಳಲು ಶುರು ಮಾಡುತ್ತಿದ್ದ. ಎಂಟು ತಿಂಗಳ ನಂತರವೂ ಅವನಿಗೆ ಹೊಸದೇನೂ ಬಂದಿರಲಿಲ್ಲ. ಕಷ್ಟಪಟ್ಟವಳು ನಾನು, ಕಲಿಯಬೇಕಾದವನು ಅವನು; ಲೆಕ್ಕ ಅಲ್ಲೇ ತಪ್ಪಿತ್ತು.

ಬೇರೆಯವರು ಆಡಿಸಿದ ಕೈಕಾಲಿನಿಂದ ಮಿದುಳು ಕಲಿಯುವುದು ತೀರಾ ಕಡಿಮೆ. ಮಗು ತಾನೇ ಬಯಸಿ, ತಾನೇ ಯತ್ನಿಸಿ, ತಪ್ಪಿ, ಮತ್ತೆ ಮಾಡಿದಾಗ ಕಲಿಯುತ್ತದೆ. ಇತ್ತೀಚಿನ ಸಂಶೋಧನೆಗಳೆಲ್ಲ ಒತ್ತಿ ಹೇಳುವುದು ಇದನ್ನೇ: ನಿಜವಾದ ಒಂದು ಕೆಲಸ ಗುರಿಯಾಗಿರಬೇಕು, ಅದು ಮಗುವಿಗೆ ಬೇಕಾದದ್ದಾಗಿರಬೇಕು, ಮನೆಯಲ್ಲೇ ದಿನಕ್ಕೆ ಹತ್ತಾರು ಸಲ ನಡೆಯಬೇಕು.

‘ನಡೆಯಬೇಕು’ ಎಂಬುದು ಗುರಿಯಲ್ಲ, ಆಸೆ. ‘ಆರು ವಾರದೊಳಗೆ ಗೋಡೆ ಮೂಲೆಯಲ್ಲಿ ಕೂತು ಎರಡೂ ಕೈಯಿಂದ ಲೋಟ ಹಿಡಿಯಬೇಕು’, ಇದು ಗುರಿ. ಥೆರಪಿಸ್ಟ್ ಜೊತೆ ಕೂತು ಇಂಥದ್ದೊಂದನ್ನು ಆರಿಸಿ. ಮಗು ಶುರು ಮಾಡುವವರೆಗೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ, ಕೈ ಹಾಕಬೇಡಿ. ಅದರ ಮಿದುಳಿಗೆ ಹೊತ್ತು ಬೇಕು. ಆಮೇಲೂ ಆಗದಿದ್ದರೆ ಅರ್ಧ ಸಹಾಯ, ಮರುವಾರ ಕಾಲು ಭಾಗ ಸಹಾಯ. ಆರು ವಾರಕ್ಕೆ ಬರದಿದ್ದರೆ ಗುರಿ ದೊಡ್ಡದಾಯಿತು ಎಂದು ತಿಳಿದು ಸಣ್ಣದು ಮಾಡಿ.

ದಿನದ ಕೆಲಸದೊಳಗೆ ಥೆರಪಿ

ಭತ್ತ ನಾಟಿಯ ದಿನಗಳಲ್ಲಿ ತಾಯಿ ಬೆಳಗ್ಗೆ ಆರಕ್ಕೆ ಹೊರಟರೆ ಬರುವುದು ಸಂಜೆ. ಅವಳಿಗೆ ‘ದಿನಾ ಎರಡು ತಾಸು ವ್ಯಾಯಾಮ ಮಾಡಿಸವ್ವ’ ಎಂದು ಹೇಳುವುದು ಸುಲಭ, ನಾನೂ ಹೇಳಿ ಹೇಳಿ ಬಿಟ್ಟಿದ್ದೇನೆ. ಹೇಗಿದ್ದರೂ ಆಗುವ ಕೆಲಸಗಳಿಗೇ ಥೆರಪಿಯನ್ನು ಹೆಣೆಯಬೇಕು.

ಎರೆಯುವ ಹೊತ್ತಿನಿಂದ ಶುರು ಮಾಡಿ. ಬಿಸಿನೀರಿಗೆ ಬಿಗಿತ ಸ್ವಲ್ಪ ಹೊತ್ತು ಸಡಿಲುತ್ತದೆ, ಎರೆದ ಬಳಿಕದ ಅರ್ಧ ತಾಸು ಕಲಿಕೆಗೆ ಒಳ್ಳೆಯ ಹೊತ್ತು. ಎಣ್ಣೆ ಹಚ್ಚಿ ಮೆಲ್ಲಗೆ ನೀವುವುದರಲ್ಲಿ ತಪ್ಪಿಲ್ಲ, ಕೂಸಿಗೂ ಹಿತ. ಆದರೆ ಕಾಲು ಹಿಡಿದು ತಲೆಕೆಳಗು ಮಾಡಿ ಜಾಡಿಸುವುದು, ಕೀಲುಗಳನ್ನು ಲಟಕ್ ಎನಿಸುವುದು ಬೇಡವೇ ಬೇಡ. ಎರೆಯುವ ಮುದುಕಿಗೆ ಇದನ್ನು ಹೇಳಲು ಧೈರ್ಯ ಬೇಕು. ನನ್ನ ಹೆಸರು ಹೇಳಿ ಎಂದು ತಾಯಂದಿರಿಗೆ ಹೇಳುತ್ತೇನೆ, ಬೈಗುಳ ನನಗಿರಲಿ.

ಎತ್ತಿಕೊಳ್ಳುವುದು. ಎರಡು ವರ್ಷದ ಮಗುವನ್ನೂ ಎಳೆಗೂಸಿನಂತೆ ತೋಳಲ್ಲಿ ಅಡ್ಡ ಮಲಗಿಸಿಕೊಂಡು ಓಡಾಡಿದರೆ ಅದಕ್ಕೆ ಕಾಣುವುದು ಮೇಲಿನ ತೊಲೆ ಮಾತ್ರ. ಕಾಲು ಬಿಗಿಯಾಗಿ ಕೂಡಿಕೊಳ್ಳುವ ಮಗುವನ್ನು ನಮ್ಮ ಹೆಣ್ಣುಮಕ್ಕಳು ಯಾವತ್ತಿನಿಂದಲೂ ಮಾಡಿದ ಹಾಗೆ ಟೊಂಕದ ಮೇಲೆ ಕೂರಿಸಿಕೊಳ್ಳಿ, ಕಾಲೊಂದು ಮುಂದೆ, ಒಂದು ಹಿಂದೆ. ತೊಡೆ ಅಗಲಾಗುತ್ತದೆ, ಬೆನ್ನು ನೆಟ್ಟಗಾಗುತ್ತದೆ, ಓಣಿಯೆಲ್ಲ ಕಾಣುತ್ತದೆ. ಎಡ ಟೊಂಕ, ಬಲ ಟೊಂಕ ಬದಲಿಸುತ್ತಿರಿ.

ಸೀರೆಯ ಜೋಳಿಗೆ ನಿದ್ದೆಗೆ ಮಾತ್ರ. ಎಚ್ಚರಾದ ಮೇಲೂ ಅದರಲ್ಲೇ ತೂಗುತ್ತಿದ್ದರೆ ಮೈ ಮುದುಡಿಯೇ ಇರುತ್ತದೆ. ಎದ್ದ ಕೂಡಲೇ ನೆಲದ ಮೇಲೆ ಕೌದಿ ಹಾಸಿ ಬೋರಲು ಮಲಗಿಸಿ, ಎದೆಯ ಕೆಳಗೆ ಟವೆಲಿನ ಸುರುಳಿ ಇಡಿ, ನೀವೂ ಎದುರಿಗೆ ಬೋರಲು ಮಲಗಿ ಮಾತಾಡಿಸಿ. ಮೊದಮೊದಲು ಎರಡು ನಿಮಿಷಕ್ಕೇ ಅಳುತ್ತದೆ. ಎರಡು ನಿಮಿಷವೇ ಸಾಕು, ದಿನಕ್ಕೆ ಎಂಟು ಹತ್ತು ಸಲ ಮಾಡಿ. ಬೋರಲು ಇದ್ದಾಗ ಬಿಟ್ಟು ಏಳಬೇಡಿ, ಹಾಗೇ ನಿದ್ದೆ ಮಾಡಿಸಬೇಡಿ.

ಕೂರಿಸಲು ಎರಡು ಗೋಡೆ ಸೇರುವ ಮೂಲೆಗಿಂತ ಒಳ್ಳೆಯ ಕುರ್ಚಿ ಇಲ್ಲ. ಹೆಗಲು ಎರಡೂ ಮುಂದೆ ಬರುತ್ತವೆ, ಸೆಟೆಯಲು ಜಾಗವಿರುವುದಿಲ್ಲ. ಅಕ್ಕಪಕ್ಕ ಅರ್ಧ ತುಂಬಿದ ಜೋಳದ ಚೀಲ ಆತು ಕೊಡಿ. ಸ್ವಲ್ಪ ದೊಡ್ಡದಾದ ಮೇಲೆ ಊರ ಬಡಿಗರಿಂದ ಸಣ್ಣ ಕುರ್ಚಿ ಮಾಡಿಸಿ. ಅಳತೆ ನೆನಪಿರಲಿ: ಸೊಂಟ, ಮಂಡಿ, ಹರಡು ಮೂರೂ ಕಟ್ಟಿದ ಗೋಡೆಯ ಮೂಲೆಯಂತೆ ನೇರ ಮಡಚಿರಬೇಕು, ಪಾದ ಪೂರ್ತಿ ಊರಿರಬೇಕು. ಪಾದ ಜೋತಾಡುವ ಕುರ್ಚಿ ಎಷ್ಟು ದುಬಾರಿಯಾದರೂ ಕೆಲಸಕ್ಕೆ ಬಾರದು.

ಜಾತ್ರೆಯಲ್ಲಿ, ಸಂತೆಯಲ್ಲಿ ಸಿಗುವ ಗುಂಡನೆಯ ಗಾಲಿಯ ವಾಕರ್ ತರಬೇಡಿ. ಕಾಲು ಬಿಗಿ ಇರುವ ಮಗು ಅದರಲ್ಲಿ ತುದಿಗಾಲಲ್ಲಿ ತಳ್ಳಿಕೊಂಡು ಹೋಗುತ್ತದೆ, ನೋಡಲು ನಡೆದಂತೆ ಕಾಣುತ್ತದೆ, ಬಿಗಿತ ಮಾತ್ರ ಜಾಸ್ತಿ. ಥೆರಪಿಸ್ಟ್ ಅಳತೆ ನೋಡಿ ಕೊಡುವ, ಹಿಂದಿನಿಂದ ಎಳೆದುಕೊಂಡು ಹೋಗುವ ವಾಕರ್ ಬೇರೆಯೇ ವಸ್ತು.

ಒಂದೇ ಕೈ ಸೋತಿದ್ದರೆ

ಈ ಮಕ್ಕಳಿಗೆ ಫಲ ಕೊಡುತ್ತದೆ ಎಂದು ಸಾಬೀತಾದ ವಿಧಾನವೊಂದಿದೆ, ಖರ್ಚೂ ಇಲ್ಲ. ಆಟದ ಹೊತ್ತಿನಲ್ಲಿ ಒಳ್ಳೆಯ ಕೈಗೆ ಮೆತ್ತನೆಯ ಕಾಲುಚೀಲ ತೊಡಿಸಿ. ಈಗ ಗಿಲಕಿ ಬೇಕೆಂದರೆ ಸೋತ ಕೈಯನ್ನೇ ಚಾಚಬೇಕು. ಎಳೆಯ ಮಕ್ಕಳಿಗೆ ದಿನಕ್ಕೆ ಅರ್ಧ ತಾಸು, ವಾರಕ್ಕೆ ಆರು ದಿನ, ಆರು ವಾರ; ಇಷ್ಟು ಒಂದು ಸುತ್ತು. ಕಟ್ಟಿ ಹಾಕಬೇಡಿ, ಅಳಿಸಬೇಡಿ, ಥೆರಪಿಸ್ಟ್ ಹೇಳಿದ ಮೇಲೆಯೇ ಮಾಡಿ. ಆ ಬಳಿಕ ಎರಡೂ ಕೈ ಬೇಕಾದ ಕೆಲಸಗಳಿಗೆ ಹೋಗಿ. ರೊಟ್ಟಿ ಮುರಿಯುವುದು, ಹಿಟ್ಟಿನ ಮುದ್ದೆ ಎಳೆಯುವುದು, ಡಬ್ಬಿಯ ಮುಚ್ಚಳ ತೆಗೆದು ಮಂಡಾಳು ತಿನ್ನುವುದು. ಮೂರು ದಾಟಿದ ಮಕ್ಕಳಿಗೆ ಹಸಿ ಶೇಂಗಾ ಬಿಡಿಸುವುದು ನನ್ನ ಮೆಚ್ಚಿನ ವ್ಯಾಯಾಮ, ಆದರೆ ಕಾಳು ಗಂಟಲಿಗೆ ಹೋಗದಂತೆ ಒಬ್ಬರು ಪಕ್ಕದಲ್ಲೇ ಕೂತಿರಬೇಕು. ಚೇಷ್ಟೆ ಮಾಡುವ ಅಣ್ಣ ಅಕ್ಕಂದಿರು ಮನೆಯಲ್ಲಿದ್ದರೆ ನನ್ನ ಅರ್ಧ ಕೆಲಸ ಅವರೇ ಮಾಡುತ್ತಾರೆ.

ಉಣ್ಣಿಸುವಾಗ

ಮಲಗಿಸಿ ಉಣ್ಣಿಸುವುದು, ಮೂಗು ಹಿಡಿದು ಒಳಲೆಯಿಂದ ಬಾಯಿಗೆ ಸುರಿಯುವುದು, ಇವೆರಡರಿಂದ ಆಗುವ ಕೇಡು ನಿಮಗೆ ತಕ್ಷಣ ಕಾಣುವುದಿಲ್ಲ. ಅನ್ನ, ಹಾಲು ಶ್ವಾಸಕೋಶಕ್ಕೆ ಇಳಿದು ಪದೇಪದೇ ನ್ಯುಮೋನಿಯಾ ಆಗುತ್ತದೆ. ಬೆನ್ನು ನೆಟ್ಟಗಿರಲಿ, ಗದ್ದ ತುಸು ಕೆಳಗಿರಲಿ, ನೀವು ಎದುರಿಗೆ, ಅದರ ಕಣ್ಣಿನ ಮಟ್ಟದಲ್ಲಿ ಕೂತು ಚಮಚ ಮುಂದಿನಿಂದ ತನ್ನಿ. ಮೇಲಿನಿಂದ ತಂದರೆ ಗೋಣು ಎತ್ತುತ್ತದೆ, ಗಂಟಲು ತೆರೆದುಕೊಳ್ಳುತ್ತದೆ. ನೀರಿಗೆ ಕೆಮ್ಮುವ ಮಗು ಗಟ್ಟಿ ಅಂಬಲಿಗೆ ಕೆಮ್ಮದೇ ಇರಬಹುದು, ಮಿದ್ದ ಅನ್ನ ಬೇಳೆ, ನುಣ್ಣನೆಯ ನುಚ್ಚು ನೋಡಿ. ಉಂಡ ಮೇಲೆ ದನಿ ಗೊರಗೊರ ಎನ್ನುತ್ತಿದ್ದರೆ, ಒಂದೂಟಕ್ಕೆ ಅರ್ಧ ತಾಸಿಗಿಂತ ಹೆಚ್ಚು ಬೇಕಾಗುತ್ತಿದ್ದರೆ, ತೂಕ ಏರದಿದ್ದರೆ ಡಾಕ್ಟರಿಗೆ ಹೇಳಲೇಬೇಕು. ಹಸಿದ ಮಗುವಿಗೆ ಯಾವ ಥೆರಪಿಯೂ ಹತ್ತುವುದಿಲ್ಲ.

ಸ್ಪ್ಲಿಂಟ್, ನಿಲ್ಲಿಸುವುದು, ಇಂಜೆಕ್ಷನ್

ವರ್ಷ ತುಂಬಿಯೂ ನಿಲ್ಲದ ಮಗುವನ್ನು ನಿಲ್ಲುವ ಚೌಕಟ್ಟಿನಲ್ಲಿ ಕಾಲು ಅಗಲಿಸಿ ನಿಲ್ಲಿಸುತ್ತಾರೆ, ದಿನಕ್ಕೆ ಒಟ್ಟು ಮುಕ್ಕಾಲರಿಂದ ಒಂದು ತಾಸು, ಕಂತುಕಂತಾಗಿ. ಬರೀ ನಿಲ್ಲಿಸಬೇಡಿ, ಮುಂದೆ ಹಲಗೆಯಿಟ್ಟು ಆಟ ಕೊಡಿ. ಪಾದ, ಹರಡನ್ನು ನೆಟ್ಟಗೆ ಹಿಡಿಯಲು ಹಾಕುವ ಎಎಫ್‌ಒ ಸ್ಪ್ಲಿಂಟ್ ನಮ್ಮ ಬೇಸಿಗೆಗೆ ಹೇಳಿ ಮಾಡಿಸಿದ್ದಲ್ಲ. ನಲವತ್ತು ಡಿಗ್ರಿ ದಾಟಿದಾಗ ಪ್ಲಾಸ್ಟಿಕ್ಕಿನೊಳಗೆ ಪಾದ ಬೇಯುತ್ತದೆ, ತಾಯಿ ಬಿಚ್ಚಿ ಅಟ್ಟಕ್ಕೆ ಎಸೆಯುತ್ತಾಳೆ. ಒಳಗೆ ಉದ್ದನೆಯ ಹತ್ತಿ ಕಾಲುಚೀಲ ಹಾಕಿ, ಬೆಳಗಿನ ತಂಪಿನಲ್ಲಿ, ಸಂಜೆಯಲ್ಲಿ ಹಾಕಿ. ಬಿಚ್ಚಿದ ಅರ್ಧ ತಾಸಿನ ಮೇಲೂ ಕೆಂಪು ಗುರುತು ಉಳಿದರೆ ಅಳತೆ ತಪ್ಪಿದೆ, ಸರಿಮಾಡಿಸಿ. ಮಗು ಬೆಳೆಯುತ್ತದೆ, ಸ್ಪ್ಲಿಂಟ್ ಬೆಳೆಯುವುದಿಲ್ಲ.

ಬಿಗಿತ ತಗ್ಗಿಸುವ ಬೊಟುಲಿನಮ್ ಇಂಜೆಕ್ಷನ್‌ನ ಗುಣ ಮೂರು ನಾಲ್ಕು ತಿಂಗಳು ಇರುತ್ತದೆ. ಆ ತಿಂಗಳುಗಳಲ್ಲಿ ಥೆರಪಿ ಜೋರಾಗಿ ನಡೆಯದಿದ್ದರೆ ದುಡ್ಡು ನೀರಿಗೆ ಹಾಕಿದಂತೆ. ಬ್ಯಾಕ್ಲೊಫೆನ್‌ನಂಥ ಗುಳಿಗೆಯನ್ನಾಗಲಿ, ಫಿಟ್ಸ್ ಗುಳಿಗೆಯನ್ನಾಗಲಿ ನೀವಾಗಿ ಥಟ್ಟನೆ ನಿಲ್ಲಿಸಬೇಡಿ.

ಒಂದು ಎಕ್ಸ್‌ರೇ, ಯಾರೂ ನೆನಪಿಸದ್ದು

ಸೆರೆಬ್ರಲ್ ಪಾಲ್ಸಿ ಇರುವ ಮೂವರಲ್ಲಿ ಒಬ್ಬ ಮಗುವಿನ ಸೊಂಟದ ಕೀಲು ನಿಧಾನಕ್ಕೆ ಜಾರುತ್ತದೆ, ನಡೆಯದ ಮಕ್ಕಳಲ್ಲಿ ಇನ್ನೂ ಹೆಚ್ಚು. ಶುರುವಿನಲ್ಲಿ ನೋವಿರುವುದಿಲ್ಲ. ನೋವು ಬರುವ ಹೊತ್ತಿಗೆ ದೊಡ್ಡ ಆಪರೇಷನ್ನೇ ಗತಿ. ಒಂದರಿಂದ ಎರಡು ವರ್ಷದ ನಡುವೆ ಸೊಂಟದ ಎಕ್ಸ್‌ರೇ ಒಮ್ಮೆ ಆಗಲಿ, ಮತ್ತೆ ಎಷ್ಟು ತಿಂಗಳಿಗೆ ಎಂದು ಡಾಕ್ಟರನ್ನೇ ಕೇಳಿ. ನೀವೇ ಬಾಯಿ ಬಿಟ್ಟು ಕೇಳಬೇಕಾಗಬಹುದು. ಕಣ್ಣು, ಕಿವಿ ಪರೀಕ್ಷೆಯೂ ಅದೇ ಓಡಾಟದಲ್ಲಿ ಮುಗಿಯಲಿ.

ಮಾತು

ನಾಲ್ವರಲ್ಲಿ ಒಬ್ಬ ಮಗು ಬಾಯಿಂದ ಮಾತಾಡುವುದಿಲ್ಲ. ಬುದ್ಧಿ ಇಲ್ಲವೆಂದು ಅರ್ಥವಲ್ಲ. ಎರಡು ವಸ್ತು ಎತ್ತಿ ಹಿಡಿದು “ನೀರು ಬೇಕೋ, ರೊಟ್ಟಿ ಬೇಕೋ?” ಎಂದು ಕೇಳಿ, ಕಣ್ಣು ಹೋದದ್ದನ್ನು ಕೊಡಿ. ಅದೇ ಅದರ ಮೊದಲ ಮಾತು. ಆಮೇಲೆ ನೀರು, ಊಟ, ಸಂಡಾಸ್, ನೋವು, ಅವ್ವ, ಅಜ್ಜ, ಇವುಗಳ ಫೋಟೊ ತೆಗೆದು ರಟ್ಟಿಗೆ ಅಂಟಿಸಿ. ಚಿತ್ರ ಕೊಟ್ಟರೆ ಮಾತು ಬರುವುದು ನಿಂತುಹೋಗುತ್ತದೆ ಎಂಬ ಹೆದರಿಕೆ ಬೇಡ, ಬರಬೇಕಾದ ಮಾತಿಗೆ ಅದು ದಾರಿಯೇ ಮಾಡುತ್ತದೆ. ಮೈಸೂರಿನ ವಾಕ್ ಮತ್ತು ಶ್ರವಣ ಸಂಸ್ಥೆಗೆ ಒಮ್ಮೆಯಾದರೂ ಹೋಗಿ ಬರಲು ಸಾಧ್ಯವಾದರೆ ಒಳ್ಳೆಯದು.

ಕಾಗದ ಪತ್ರ

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸೆರೆಬ್ರಲ್ ಪಾಲ್ಸಿ ಸೇರಿದೆ. ಅಂಗವಿಕಲರ ಗುರುತಿನ ಚೀಟಿಗೆ, ಅಂದರೆ ಯುಡಿಐಡಿ ಕಾರ್ಡಿಗೆ ಆನ್‌ಲೈನ್ ಅರ್ಜಿ ಹಾಕಿ, ಜಿಲ್ಲಾ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿ. ಅಂಗವೈಕಲ್ಯ 40 ಶೇಕಡಾ ಮತ್ತು ಮೇಲಿದ್ದರೆ ಮಾಸಾಶನ, ಬಸ್ ಪಾಸ್ ಮುಂತಾದವಕ್ಕೆ ದಾರಿಯಾಗುತ್ತದೆ. ರಾಷ್ಟ್ರೀಯ ನ್ಯಾಸದ, ಅಂದರೆ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಇದೆ, ಥೆರಪಿ ಖರ್ಚೂ ಅದರೊಳಗೆ ಬರುತ್ತದೆ. ಗಾಲಿಕುರ್ಚಿ, ವಿಶೇಷ ಕುರ್ಚಿಗಳು ಕೇಂದ್ರದ ಅಡಿಪ್ ಯೋಜನೆಯ ಶಿಬಿರಗಳಲ್ಲಿ ಸಿಗುತ್ತವೆ. ಇದೆಲ್ಲ ತಲೆಬಿಸಿ ಎನಿಸಿದರೆ ಗ್ರಾಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯು, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಹುಡುಕಿ. ಬಹಳ ಊರುಗಳಲ್ಲಿ ಅವರೂ ಅಂಗವಿಕಲರೇ, ಯಾವ ಟೇಬಲ್ಲಿನಲ್ಲಿ ಕಾಗದ ನಿಲ್ಲುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತು.

2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ ಉಚಿತವಾದ ಮೇಲೆ ತಾಯಂದಿರು ರಾಯಚೂರಿಗೆ ತಪ್ಪದೆ ಬರುವುದು ಹೆಚ್ಚಾಗಿದೆ. ತಿಂಗಳಿಗೊಮ್ಮೆ ತಂದೆಯೂ ಟಿಕೆಟ್ ತೆಗೆದುಕೊಂಡು ಬರಲಿ. ಕೂಸನ್ನು ಎತ್ತುವುದು ಹೇಗೆಂದು ಅವನಿಗೂ ಗೊತ್ತಿರಬೇಕು.

ದುಡ್ಡು, ಕೂಸು ಎರಡನ್ನೂ ಕಾಯಿರಿ

ಸ್ಟೆಮ್‌ಸೆಲ್ ಹಾಕಿದರೆ ನಡೆಯುತ್ತದೆ ಎಂದು ಲಕ್ಷಗಟ್ಟಲೆ ಕೇಳುವವರಿದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನ 2017ರ ಮಾರ್ಗಸೂಚಿಯ ಪ್ರಕಾರ ಸೆರೆಬ್ರಲ್ ಪಾಲ್ಸಿಗೆ ಅದು ಒಪ್ಪಿತ ಚಿಕಿತ್ಸೆಯಲ್ಲ. ಪ್ರಯೋಗವಾಗಿ ಮಾತ್ರ ನಡೆಸಬಹುದು, ಪ್ರಯೋಗಕ್ಕೆ ರೋಗಿಯಿಂದ ದುಡ್ಡು ಕೇಳುವಂತಿಲ್ಲ. ಆಮ್ಲಜನಕದ ಪೆಟ್ಟಿಗೆಯೊಳಗೆ ಕೂರಿಸುವ ಚಿಕಿತ್ಸೆಯೂ ಫಲ ಕೊಟ್ಟಿಲ್ಲ.

2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಕಲಬುರಗಿ ಹತ್ತಿರದ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆವರೆಗೆ ಮಣ್ಣಿನಲ್ಲಿ ಹೂತು ನಿಲ್ಲಿಸಿದ ಸುದ್ದಿ ಎಲ್ಲರೂ ಓದಿದ್ದೀರಿ. ನಮ್ಮ ಕಡೆಯೂ ಗ್ರಹಣ ಬಂತೆಂದರೆ ಯಾರೋ ಒಬ್ಬರು ಅದೇ ಮಾತು ತೆಗೆಯುತ್ತಾರೆ. ಚುಟಗಿ, ಅಂದರೆ ಕಾಸಿದ ಬರೆ ಹಾಕಿಸಿದ ಕಾಲುಗಳನ್ನು ನಾನು ಈಗಲೂ ನೋಡುತ್ತಿದ್ದೇನೆ. ಆ ತಾಯಂದಿರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ, ದೇವರಿಗೆ ಹರಕೆ ಹೊರುವುದಕ್ಕೂ ನನ್ನ ಅಡ್ಡಿಯಿಲ್ಲ. ಸುಡುವುದು, ಹೂಳುವುದು ಮಾತ್ರ ಬೇಡ.

ಗುಳೆ ಹೋಗುವಾಗ

ಸುಗ್ಗಿ ಮುಗಿದ ಮೇಲೆ ಅರ್ಧ ಊರು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೊರಡುತ್ತದೆ, ನಾನು ಶುರು ಮಾಡಿದ ಥೆರಪಿಗಳೂ ಅಲ್ಲಿಗೇ ಕಡಿಯುತ್ತವೆ. ಹೊರಡುವ ವಾರದ ಮುಂಚೆ ಥೆರಪಿಸ್ಟ್‌ಗೆ ತಿಳಿಸಿ. ಒಂದು ನೂರು ಪುಟದ ನೋಟುಬುಕ್ಕಿನಲ್ಲಿ ಈಗಿನ ಗುರಿ, ಗುಳಿಗೆಯ ಹೆಸರು ಮತ್ತು ಅಳತೆ, ಕೊನೆಯ ಎಕ್ಸ್‌ರೇ ತಾರೀಕು ಬರೆಸಿಕೊಳ್ಳಿ. ಮಗುವನ್ನು ಕೂರಿಸುವ, ಉಣ್ಣಿಸುವ ರೀತಿಯನ್ನು ನಿಮ್ಮದೇ ಫೋನಿನಲ್ಲಿ ವಿಡಿಯೊ ಮಾಡಿಸಿಕೊಳ್ಳಿ. ಫಿಟ್ಸ್ ಇದ್ದರೆ ಎರಡು ತಿಂಗಳ ಗುಳಿಗೆ ಮೊದಲೇ ಕೇಳಿ ಪಡೆಯಿರಿ. ಶೆಡ್ಡಿನಲ್ಲೂ ಮೂಲೆ ಇರುತ್ತದೆ. ಅಲ್ಲಿ ಜೋಳದ ಚೀಲ ಸಿಗದಿದ್ದರೆ ಉಸುಕು ತುಂಬಿದ ಸಿಮೆಂಟ್ ಚೀಲಕ್ಕೆ ಹಳೇ ಸೀರೆ ಸುತ್ತಿ ಆತು ಕೊಡಿ. ಸಿಮೆಂಟ್ ಧೂಳು ಮೊದಲು ಚೆನ್ನಾಗಿ ಝಾಡಿಸಿ ತೊಳೆಯಿರಿ.